ಎಡಗಾಲಿಯ ದನಿ

“ಇದೂ ಅಲ್ಲ,” ಎಂದು ಮೂಕಯ್ಯ ಗಾಲಿಯ ಗುಂಬದಿಂದ ಕಿವಿ ಕಿತ್ತುಕೊಂಡ. ಹಳೆಯ ಕೀಲೆಣ್ಣೆಯ ಕಪ್ಪು ಅವನ ಕೆನ್ನೆಗೆ ದುಂಡಗೆ ಮೆತ್ತಿಕೊಂಡು, ಮದುವೆಗಂಡಿಗೆ ಇಟ್ಟ ದೃಷ್ಟಿಬೊಟ್ಟಿನ ಹಾಗೆ ಕಾಣುತ್ತಿತ್ತು. ಬೆಳಗಿನಿಂದ ಅವನು ಕಿವಿಗೊಟ್ಟ ಗುಂಬಗಳಲ್ಲಿ ಇದು ಮೂವತ್ತನೆಯದೋ ನಲವತ್ತನೆಯದೋ. ಎಣಿಕೆ ಅವನಿಗೂ ತಪ್ಪಿತ್ತು, ಮಾರುವವಳಿಗೂ ತಪ್ಪಿತ್ತು.

“ಏನ್ ತಂಬೀ,” ಎಂದಳು ಪೊನ್ನಮ್ಮಾಳ್ ತಮಿಳಿನಲ್ಲಿ, ಬಾಯೊಳಗಿನ ಎಲೆಯಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ದಾಟಿಸುತ್ತ. “ನೀನು ಗುಂಬ ಕೊಳ್ಳೋಕೆ ಬಂದೆಯೋ, ಅದರ ಹತ್ರ ಕಣಿ ಕೇಳೋಕೆ ಬಂದೆಯೋ? ಬೇರೆಯವರು ಬಂದ್ರೆ ಬಿರುಕು ನೋಡ್ತಾರೆ, ಹುಳ ನೋಡ್ತಾರೆ, ಉಗುರಲ್ಲಿ ಕೆರೆದು ಜಾಲಿಯೋ ಬಾಗೆಯೋ ಅಂತ ನೋಡ್ತಾರೆ. ನೀನು ಕಣ್ಣೇ ತೆಗೀತಿಲ್ಲ.”

“ಕಣ್ಣಿಂದ ಏನಾಗ್ಬೇಕು ಅಕ್ಕಾ? ಇದು ಬೇಕಾಗಿರೋದು ಕಣ್ಣಿಲ್ಲದೋನಿಗೆ.”

ದಿಂಡಿಗಲ್ಲಿನ ರೈಲು ಠಾಣೆಯ ಹಿಂದಿನ ಹುಣಸೆ ತೋಪು ಅದು. ಕಂಬಂ ಕಣಿವೆಯ ಮೇಲಿನ ಮಲೆಯಲ್ಲಿ ಪೆರಿಯಾರಿಗೆ ಕಟ್ಟೆ ಕಟ್ಟುವ ಕೆಲಸ ಮುಗಿದು, ಪಡುವಣಕ್ಕೆ ಹರಿಯುತ್ತಿದ್ದ ನೀರು ಬೆಟ್ಟದ ಹೊಟ್ಟೆಯನ್ನು ತೂರಿ ಮೂಡಣಕ್ಕೆ ಇಳಿದು ಒಂದು ವರ್ಷವಾಗಿತ್ತು. ಅಷ್ಟು ವರ್ಷ ಸುಣ್ಣ ಹೊತ್ತು ಘಟ್ಟ ಹತ್ತಿದ ನೂರಾರು ಗಾಡಿಗಳಿಗೆ ಒಮ್ಮೆಗೇ ಕೆಲಸವಿಲ್ಲದಾಯಿತು. ಮುರುಕು ಗಾಡಿಗಳನ್ನು ಗುಂಪುಗುಂಪಾಗಿ ಕೊಂಡವರಲ್ಲಿ ಪೊನ್ನಮ್ಮಾಳೂ ಒಬ್ಬಳು. ಅವುಗಳ ಕೈಕಾಲು ಬಿಡಿಸಿ ತೋಪಿನ ತುಂಬ ಹರಡಿದ್ದಳು: ಒಂದು ಮರದಡಿ ಚಕ್ರದ ಸುತ್ತಿನ ಕಬ್ಬಿಣದ ಪಟ್ಟಿಗಳು, ಇನ್ನೊಂದರಡಿ ಅಚ್ಚುಗಳು, ಮತ್ತೊಂದರಡಿ ಸೌದೆಯಂತೆ ಒಟ್ಟಿದ ಆರೆಕಾಲುಗಳು. ಆರೆಕಾಲುಗಳೆಲ್ಲ ಬಂದು ಸೇರುವ ನಡುವಿನ ಗುಂಬಗಳು ಮಾತ್ರ ಒಂದರ ಪಕ್ಕ ಒಂದು, ಬಾಯಿ ತೆರೆದು ಆಕಾಶ ನೋಡುತ್ತ, ಊಟಕ್ಕೆ ಕರೆದು ಎಲೆ ಹಾಕದೆ ಬಿಟ್ಟ ನೆಂಟರ ಹಾಗೆ ಕೂತಿದ್ದವು. ತೋಪಿನ ನಡುವೆ ಒಂದು ಕಲ್ಲುಕಂಬ, ಕಂಬಕ್ಕೆ ಹೂತ ಅಚ್ಚಿನ ತುಂಡು. ಬೇಕಾದ ಗುಂಬವನ್ನು ಅದಕ್ಕೆ ತೊಡಿಸಿ, ಕಳಚದ ಹಾಗೆ ಕಡಾಣಿ ಸಿಕ್ಕಿಸಿ, ಕೈಯಿಂದ ತಿರುಗಿಸಿ ನೋಡಬಹುದು. ಮೂಕಯ್ಯ ತಿರುಗಿಸುತ್ತಿದ್ದ, ಆದರೆ ನೋಡುತ್ತಿರಲಿಲ್ಲ.

ಗಾಳಿ ಒಂದು ಮಗ್ಗುಲಿಗೆ ಬೀಸಿದರೆ ತೊಗಲು ಹದಮಾಡುವ ಕೇರಿಯ ವಾಸನೆ ಬರುತ್ತಿತ್ತು. ಇನ್ನೊಂದು ಮಗ್ಗುಲಿಗೆ ಬೀಸಿದರೆ ಬೀಗ ಮಾಡುವ ಕೇರಿಯಿಂದ ನೂರು ಅರಗಳು ನೂರು ಕಬ್ಬಿಣದ ತುಂಡುಗಳನ್ನು ತಿಕ್ಕುವ ಸದ್ದು, ದೊಡ್ಡದೊಂದು ಜೀರುಂಡೆಯ ಹಾಗೆ. ಮೂಕಯ್ಯ ಎರಡನೆಯ ಗಾಳಿಗೆ ಬೈದುಕೊಂಡ, ಯಾಕೆಂದರೆ ಅದು ಕಿವಿಗೆ ಅಡ್ಡ ಬರುತ್ತಿತ್ತು. ಮೊದಲನೆಯ ಗಾಳಿಯ ಬಗ್ಗೆ ಅವನು ಯೋಚಿಸಲಿಲ್ಲ. ಯೋಚಿಸಬಾರದೆಂದೇ ಇದ್ದ.

“ಎಂಥ ದನಿ ಬೇಕು ಅಂತಾದ್ರೂ ಹೇಳು. ನನಗೂ ಕಿವಿ ಇದೆ,” ಎಂದಳು ಪೊನ್ನಮ್ಮಾಳ್.

ಅವನಿಗೆ ಮೂಕಯ್ಯ ಎಂದು ಹೆಸರಿಟ್ಟವರಿಗೆ ಮುಂದಾಲೋಚನೆ ಇರಲಿಲ್ಲ, ಇಲ್ಲವೇ ಅದು ವಿಪರೀತವಾಗಿ ಇತ್ತು. ಮೂಕಯ್ಯನ ಬಾಯಿಗೆ ಬಾರದ ದನಿಯಿರಲಿಲ್ಲ. ಕಾಗೆಗಳು ಅವನ ಕೂಗಿಗೆ ಮೋಸಹೋಗಿ ತಿಥಿಯಿಲ್ಲದ ಮನೆಗೆ ಬಂದದ್ದುಂಟು. ಗೂಡಲೂರಿನ ಘಟ್ಟದ ಬುಡದಲ್ಲಿ ಅವನು ಕಟ್ಟೆ ಕಟ್ಟಿಸುವ ಬಿಳಿಯ ದೊರೆಯ ಗಂಟಲಿನಲ್ಲಿ ಒಮ್ಮೆ ಕೆಮ್ಮಿದ್ದಕ್ಕೆ ಹದಿನಾರು ಗಾಡಿಯವರು ಸಾಲಾಗಿ ಎದ್ದು ನಿಂತಿದ್ದರು. ಈಗ ಅವನು ತುಟಿ ಒದ್ದೆ ಮಾಡಿಕೊಂಡು, ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಬಿಟ್ಟ.

“ಟೊಕ್... ಕಿರ್ರೀ... ಟೊಕ್ಟೊಕ್.”

ಹುಣಸೆ ಮರದಡಿ ಮಲಗಿದ್ದ ನಾಯಿ ತಲೆಯೆತ್ತಿತು, ಗಾಡಿ ಹಾಯ್ದೀತೆಂದು ಬಾಲವನ್ನು ಒಳಕ್ಕೆ ಎಳೆದುಕೊಂಡಿತು. ಪೊನ್ನಮ್ಮಾಳ್ ಅಗಿಯುವುದನ್ನು ನಿಲ್ಲಿಸಿದಳು.

*

ಕೆಟ್ಟದ್ದು ಶುರುವಾಗಿದ್ದು ಸುಗ್ಗಿಯಲ್ಲಿ. ಹೊಸ ನೀರಿನ ಮೊದಲ ಬೆಳೆ, ಹನುಮಂತನಪಟ್ಟಿಯ ಗದ್ದೆಗಳಲ್ಲಿ ಯಾರೂ ಹಿಂದೆಂದೂ ಕಾಣದಷ್ಟು ನೆಲ್ಲು. ಮೂಕಯ್ಯ ಆಸೆಗೆ ಬಿದ್ದು ನಾಲ್ಕು ಚೀಲ ಹೆಚ್ಚು ಹೇರಿದ. ಹೊಳೆಯ ಇಳಿಜಾರಿನಲ್ಲಿ ಎಡಗಾಲಿಯ ಗುಂಬ ತೆಂಗಿನಕಾಯಿಯಂತೆ ಎರಡು ಹೋಳಾಯಿತು. ಅದಕ್ಕೆ ಅವನು ಅಳಲಿಲ್ಲ. ಅವನ ಅಪ್ಪ ಹಾಕಿಸಿದ ಗುಂಬ, ಬಾಯಿ ಸವೆದು ಅಗಲವಾಗಿ, ಉರುಳಿಗೊಮ್ಮೆ ಕಡಾಣಿಗೆ ಬಡಿದು ಬಡಿದು ಊರಿಗೆಲ್ಲ ಗುರುತಾಗಿತ್ತು. ಮೂಕಯ್ಯನ ಗಾಡಿ ಬಂತೆಂದು ಹೆಂಗಸರು ಹೊಸಿಲಿಂದಲೇ ಹೇಳುತ್ತಿದ್ದರು. ಹೋಗಲಿ, ಅದರ ಆಯಸ್ಸು ಮುಗಿಯಿತು. ಊರ ಆಚಾರಿ ಹೊಸ ಗುಂಬ ಕಡೆದು ಕೊಟ್ಟ. ನುಣ್ಣಗೆ, ಒಂದು ಸೊಲ್ಲೂ ಎತ್ತದೆ ಉರುಳುವಂಥದ್ದು.

ನೊಗದ ಎಡಕ್ಕೆ ಕಟ್ಟಿದ್ದ ಎತ್ತು ಮಯಿಲ ಹೆಜ್ಜೆ ಕೀಳಲಿಲ್ಲ.

ಬಲಗಡೆಯ ಎತ್ತು ಎಳೆಯಿತು, ಗಾಡಿ ಸೊಟ್ಟಗಾಯಿತು, ಮಯಿಲ ನಿಂತಲ್ಲೇ ನಡುಗುತ್ತಿತ್ತು. ಹೊಡೆದರೂ ಇಲ್ಲ, ಬಾಲ ತಿರುಚಿದರೂ ಇಲ್ಲ. ಆಚಾರಿಯೇ ಮೊದಲು ಅನುಮಾನಪಟ್ಟು ಅದರ ಮುಖದ ಮುಂದೆ ಕೈ ಬೀಸಿದ. ರೆಪ್ಪೆ ಮಿಟುಕಲಿಲ್ಲ. ಎರಡು ಕಣ್ಣಿಗೂ ಹೂ ಬಿದ್ದು, ಒಳಗೆ ಬೆಳದಿಂಗಳು ಹೆಪ್ಪುಗಟ್ಟಿದ ಹಾಗೆ ಬೆಳ್ಳಗಿತ್ತು. ಎಷ್ಟು ದಿನದಿಂದ? ಯಾರಿಗೂ ಗೊತ್ತಿರಲಿಲ್ಲ. ಮೂಕಯ್ಯ ತಾನು ಗಾಡಿಯಲ್ಲಿ ನಿದ್ದೆಹೋದ ದಾರಿಗಳನ್ನೆಲ್ಲ ನೆನೆಸಿಕೊಂಡ: ಚಿನ್ನಮನೂರಿನ ಸೇತುವೆ, ಘಟ್ಟದ ಒಂಬತ್ತನೆಯ ತಿರುವು, ಒಂದು ಗೇಣು ತಪ್ಪಿದರೆ ಕೆಳಗೆ ಮರಗಳ ತುದಿ ಕಾಣುವ ಜಾಗ. ಅಲ್ಲೆಲ್ಲ ತಾನು ಕಣ್ಣು ಮುಚ್ಚಿದ್ದ, ಎತ್ತಿಗೆ ಕಣ್ಣಿರಲಿಲ್ಲ. ಇಬ್ಬರನ್ನೂ ಆ ಹಳೆಯ ಎಡಗಾಲಿ ಮಾತಾಡಿಸಿಕೊಂಡು ನಡೆಸಿತ್ತು. ತನ್ನ ಗಾಲಿ ತನ್ನ ಹಿಂದೆ ಎಷ್ಟು ದೂರದಲ್ಲಿದೆ, ನೆಲ ಏರಿತೋ ಇಳಿಯಿತೋ ಎಂಬುದೆಲ್ಲ ಆ ದನಿಯಲ್ಲಿ ಮಯಿಲನಿಗೆ ತಿಳಿಯುತ್ತಿತ್ತು.

ಆಚಾರಿ ಹೊಸ ಗುಂಬದ ಬಾಯನ್ನು ಅರೆದು ಅಗಲ ಮಾಡಿ ನೋಡಿದ. ಸದ್ದು ಬಂತು, ಆ ಸದ್ದಲ್ಲ.

ಮೂರನೆಯ ದಿನ ಹೆಂಡತಿ ಓಚ್ಚಮ್ಮಾಳ ತಮ್ಮ ಕರುಪ್ಪಸಾಮಿ ಬಂದು ಜಗಲಿಯ ಮೇಲೆ ಕೂತ. ದಿಂಡಿಗಲ್ಲಿಗೆ ತಿಂಗಳಿಗೆರಡು ನಡೆ ಗಾಡಿ ಹೊಡೆಯುವವನು. ಮಯಿಲ ಅವನ ಕೊಟ್ಟಿಗೆಯಲ್ಲಿ ಹುಟ್ಟಿದ ಕರು, ಪಾಲಿಗೆ ಕೊಟ್ಟದ್ದು. ಸಾಕುವವನಿಗೆ ಅರ್ಧ, ಕೊಟ್ಟವನಿಗೆ ಅರ್ಧ.

“ನಾನೇನ್ ಕಟುಕ್ನಾ ಮಾವ?” ಎಂದ ಕರುಪ್ಪಸಾಮಿ, ಎತ್ತಿನ ಕಡೆ ನೋಡದೆ. “ನಿಂತ ಎತ್ಗೆ ಎಷ್ಟು ನಾಳು ಹುಲ್ಲಾಕ್ತೀಯ? ದಿಂಡಿಗಲ್ ತೊಗಲ್ ಸಾವ್ಕಾರ ಕೇಳ್ತಾವ್ನೆ. ಮುಂದ್ಲ ನಡೇಲಿ ಹಿಂದ್ಕೆ ಕಟ್ಕಂಡು ಓಯ್ತೀನಿ. ಇದ್ರಲ್ಲಿ ಅರ್ಧ ನಂದು ತಾನೆ?”

“ನಿಂದೇ ಮಾಪ್ಳೆ, ಯಾರಿಲ್ಲ ಅಂದ್ರು? ಕಣ್ಣಿರ ಅರ್ಧ ನಿಂದಾ, ಕಣ್ಣಿಲ್ದಿರ ಅರ್ಧ ನಂದಾ, ಅದೊಂದ್ ಸೊಲ್ಲೋಗು.”

ಕರುಪ್ಪಸಾಮಿ ನಗಲಿಲ್ಲ. ಮೂಕಯ್ಯ ಅವನ ದನಿಯಲ್ಲೇ, ಅವನ ಮೂಗಿನಲ್ಲೇ “ನಂದು ತಾನೆ, ನಂದು ತಾನೆ” ಎಂದು ಅಣಕಿಸಿದಾಗಲೂ ನಗಲಿಲ್ಲ. ಒಳಗಿನಿಂದ ಓಚ್ಚಮ್ಮಾಳ್ ಬಂದು ನಡುವೆ ನಿಂತಳು.

“ತಮ್ಮಾ, ಒಂದ್ ನಡೆ ಇವ್ರೂ ನಿನ್ ವಂಡೀಲಿ ಬರ್ಲಿ. ಅಷ್ಟೊಂದ್ ಅಳೇ ಗುಂಬ ಅಲ್ಲಿ ಬಿದ್ದದೆ ಅಂತೀಯಲ್ಲ. ಅಂಥದ್ದೇ ದನಿ ಒಂದು ಸಿಕ್ದೆ ಇರ್ತದಾ? ಸಿಕ್ಕಿದ್ರೆ ಮನೆ ತುಂಬಿಸ್ಕಂಬಣ. ಸಿಗ್ದಿದ್ರೆ...” ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಸಿಗ್ದಿದ್ರೆ ಬತ್ತಾ ನಾನು ಎತ್ಗೆ ಅಗ್ಗ ತತ್ತೀನಿ ಅಕ್ಕಾ,” ಎಂದ ಕರುಪ್ಪಸಾಮಿ. “ಸಿಕ್ಕಿದ್ರೆ ನೆಲ್ಲು ಹೇರಿ ಕಟ್ಬುಡಿ. ಊರಿಂದ ಆಲದ್ ಕಟ್ಟೆಗಂಟ ನಡೀಲಿ. ನಡುದ್ರೆ ನನ್ ಅರ್ಧಾನೂ ನಿಂದೇ ಮಾವ, ಸತ್ತ್ಯವಾಗ್ಲೂ.”

*

“ಇನ್ನೊಂದ್ಸಲ ಮಾಡು,” ಎಂದಳು ಪೊನ್ನಮ್ಮಾಳ್.

ಮೂಕಯ್ಯ ಮಾಡಿದ. ಅವನ ಅಣಕಕ್ಕೆಲ್ಲ ಒಂದು ಚಟವಿತ್ತು: ನಗಿಸುವ ಆತುರದಲ್ಲಿ ಕೊನೆಯನ್ನು ಓಡಿಸಿಬಿಡುತ್ತಿದ್ದ. ಈಗಲೂ “ಟೊಕ್ಟೊಕ್” ಎಂದು ಮುಗಿಸಿ, ರೂಢಿಯಂತೆ ಸುತ್ತ ನೋಡಿದ. ನಗುವವರು ಯಾರೂ ಇರಲಿಲ್ಲ. ಠಾಣೆಯಲ್ಲಿ ಮಧ್ಯಾಹ್ನದ ರೈಲು ನಿಂತು ಹಬೆ ಬಿಡುತ್ತಿತ್ತು. ಬೆಳ್ಳಗಿನ ಹಬೆ ತೋಪಿನ ಬುಡದವರೆಗೂ ಹರಿದು ಬಂದು, ಗುಂಬಗಳ ಬಾಯೊಳಗೆ ಇಳಿದು ಮಾಯವಾಯಿತು.

“ನೀವೊಂದು ಕಡೆಯಿಂದ ಕೊಡ್ತಾ ಬನ್ನಿ ಅಕ್ಕಾ, ನಾನು ಕೇಳ್ತಾ ಬರ್ತೀನಿ. ಸಂಜೆ ಒಳಗೆ ಮುಗಿಸ್ಬೇಕು. ನನ್ನ ಮೈದುನ ಸಂತೇಲಿ ಮೂಟೆ ಇಳಿಸಿ ಬಂದ್ಬಿಡ್ತಾನೆ.”

“ಮೈದುನನಿಗೆ ಹೆದರ್ತೀಯಾ?”

“ಹೆದರೋದಲ್ಲ. ಅವನು ಹೇಳೋದೆಲ್ಲ ನ್ಯಾಯವಾಗೇ ಇರ್ತದೆ. ಅದಕ್ಕೇನ್ಮಾಡ್ಲಿ?”

ಪೊನ್ನಮ್ಮಾಳ್ ಅದಕ್ಕೆ ನಕ್ಕಳು. ದೊಡ್ಡ ಹೆಂಗಸು, ಮೈಯೆಲ್ಲ ನಕ್ಕಿತು. ನಗುತ್ತ ಹಿಂದಕ್ಕೆ ವಾಲಿದಳು. ಅವಳು ವಾಲಿದಾಗ ಅವಳು ಕೂತದ್ದೂ ಕಲ್ಲಿನ ಮೇಲೆ ವಾಲಿತು.

ಟೊಕ್.

ಮೂಕಯ್ಯ ಕಣ್ಣು ಮುಚ್ಚಿಕೊಂಡ.

“ಇನ್ನೊಂದ್ಸಲ ನಗಿ ಅಕ್ಕಾ.”

“ಯಾಕಪ್ಪಾ?”

“ನಗಿ. ಇಲ್ಲಾಂದ್ರೆ ಎದ್ದೇಳಿ.”

“ಎದ್ದೇಳ್ಲಾ! ಇಷ್ಟೆಲ್ಲ ಬಿಟ್ಟು ಕೊನೆಗೆ ನಾನು ಕೂತಿರೋದೇ ಬೇಕಾ ನಿನಗೆ? ನಾಳೆ ನನ್ನನ್ನೂ ತೂಕಕ್ಕೆ ಹಾಕು ಅಂತೀಯ.” ಆದರೆ ಎದ್ದಳು. ಎದ್ದವಳು ತಾನು ಕೂತಿದ್ದ ಗುಂಬವನ್ನೂ ಅವನನ್ನೂ ನೋಡಿದಳು. ಗುಂಬದ ಮೇಲ್ಮೈ ಅವಳ ಸೀರೆಗೆ ತಿಕ್ಕಿ ತಿಕ್ಕಿ ಹಳೆಯ ಕನ್ನಡಿಯಂತಾಗಿತ್ತು. “ಅದು ಮಾರೋದಲ್ಲ ತಂಬಿ. ಅದು ನಮ್ಮನೆಯವರ ವಂಡೀದು.”

“ಅವರೆಲ್ಲಿ?”

“ಮಲೆಗೆ ಸುಣ್ಣದ ವಂಡಿ ಹೊಡೆಯೋಕೆ ಹೋದ್ರು. ಮೂರು ವರ್ಷ ಆಯ್ತು. ಚಳಿಜ್ವರ. ವಂಡಿ ಮಾತ್ರ ಯಾರೋ ಹೊಡಕೊಂಡು ಬಂದು ಬಿಟ್ಟು ಹೋದ್ರು.” ಇಷ್ಟನ್ನು ಅವಳು ಬೇರೊಬ್ಬರ ಮನೆಯ ಸುದ್ದಿಯಂತೆ ಹೇಳಿದಳು. ಆಮೇಲೆ ತಾನೇ ಬಗ್ಗಿ ಗುಂಬವನ್ನು ಎತ್ತಿ, ಮೂಕಯ್ಯ ಕೈ ಕೊಡಲು ಬಂದರೆ ಮೊಣಕೈಯಿಂದ ತಳ್ಳಿ, ಕಲ್ಲುಕಂಬದ ಅಚ್ಚಿಗೆ ತೊಡಿಸಿದಳು. ಕಡಾಣಿ ಸಿಕ್ಕಿಸಿದಳು. ಅಂಗೈಯನ್ನು ಅದರ ಮೇಲೆ ಒಂದು ಗಳಿಗೆ ಇಟ್ಟು, ತಳ್ಳಿದಳು.

ಟೊಕ್... ಕಿರ್ರೀ... ಟೊಕ್... ಟೊಕ್.

ಗುಂಬ ತಿರುಗಿತು, ನಿಧಾನವಾಯಿತು, ನಿಂತಿತು. ಮೂಕಯ್ಯ ತೋಳಿನಿಂದ ಕಣ್ಣೊರೆಸಿಕೊಂಡ. ಹನುಮಂತನಪಟ್ಟಿಯ ಹೊಳೆದಂಡೆ, ಅಪ್ಪನ ಬೆನ್ನು, ಹುಲ್ಲಿನ ಮೆತ್ತೆಯ ಮೇಲೆ ಅಂಗಾತ ಮಲಗಿ ನೋಡಿದ ತೇಲುವ ಆಕಾಶ, ಎಲ್ಲವೂ ಈ ಊರಿನ ತೊಗಲಿನ ವಾಸನೆಯ ನಡುವೆ ಬಂದು ನಿಂತಿದ್ದವು. ಪೊನ್ನಮ್ಮಾಳ್ ಹೊರಡುತ್ತಿದ್ದ ರೈಲಿನ ಕಡೆಗೆ ಮುಖ ತಿರುಗಿಸಿದ್ದಳು. ಕೊನೆಯ ಡಬ್ಬಿ ಮರೆಯಾಗುವ ತನಕ ನೋಡಿದಳು.

“ಮೂರು ವರ್ಷ ಇದರ ಮೇಲೆ ಕೂತಿದ್ದೀನಿ,” ಎಂದಳು. “ಒಂದು ದಿನಾನೂ ಬಾಯಿ ಬಿಡಲಿಲ್ಲ, ನೋಡು.” ಮತ್ತೆ ಎಲೆಯಡಿಕೆ ಅಗಿಯಲು ಶುರುಮಾಡಿದಳು. “ತಗೊಂಡು ಹೋಗು. ಇದರ ಮೇಲೆ ಕೂತು ಸೊಂಟ ನೋಯ್ತದೆ. ಬೆಲೆ ಮಾತ್ರ ಎಲ್ಲದಕ್ಕೂ ಇರೋದೇ. ಕಣ್ಣಲ್ಲಿ ನೀರು ತಂದ್ರೆ ಕಡಿಮೆ ಇಲ್ಲ.”

ಅವನು ಸೊಂಟದ ಗಂಟು ಬಿಚ್ಚಿ ಕೊಟ್ಟ. ಗುಂಬವನ್ನು ಹೆಗಲಿಗೇರಿಸಿ ಹತ್ತು ಹೆಜ್ಜೆ ಹೋದಾಗ ಅವಳು ಕರೆದಳು.

“ತಂಬೀ! ನೀನು ಬಾಯಲ್ಲಿ ಮಾಡ್ತೀಯಲ್ಲ, ಅದು ತಪ್ಪು. ಕೊನೇ ಟೊಕ್ ಸ್ವಲ್ಪ ತಡ ಮಾಡಿ ಬರ್ತದೆ. ಬರಲ್ವೇನೋ ಅಂತ ಅನ್ನಿಸಿ ಆಮೇಲೆ ಬರ್ತದೆ. ಬಾಗಿಲಲ್ಲಿ ಕಾದು ಕೂತೋರಿಗೆ ಗೊತ್ತು ಅದು.”

*

ವಾಪಸು ದಾರಿಯ ಉದ್ದಕ್ಕೂ ಮೂಕಯ್ಯ ಗುಂಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ವತ್ತಲಗುಂಡಿನಲ್ಲಿ ಮಳೆ ಹನಿಯಿತು, ಪೆರಿಯಕುಳದ ಮಾವಿನ ತೋಪುಗಳಲ್ಲಿ ಬಿಸಿಲು ಬಿತ್ತು. ಕರುಪ್ಪಸಾಮಿ ಮುಂದೆ ಕೂತು, ಹಿಂದಕ್ಕೆ ತಿರುಗದೆ, “ನನ್ ವಂಡೀಲೇ ನನ್ ಅರ್ಧ ಎತ್ನ ಕದ್ಕಂಡು ಓಯ್ತಾವ್ನೆ” ಎಂದು ತನ್ನ ಎತ್ತುಗಳಿಗೆ ಕನ್ನಡದಲ್ಲಿ ದೂರು ಹೇಳುತ್ತಿದ್ದ. ಅವರ ಜನ ಹೊರಗಿನವರ ಜೊತೆ ತಮಿಳಿನಲ್ಲಿ ಜಗಳವಾಡುತ್ತಿದ್ದರು, ಮನೆಯವರ ಮತ್ತು ಎತ್ತುಗಳ ಜೊತೆ ಮಾತ್ರ ಕನ್ನಡದಲ್ಲಿ. ತೇನಿ ದಾಟಿ ಕಣಿವೆಯ ಬಾಯಿ ತೆರೆದುಕೊಂಡಾಗ ಎರಡೂ ಕಡೆಯ ಬೆಟ್ಟಗಳು ನೀಲಿಯಾಗಿ, ಯಾರೋ ಒದ್ದೆ ಸೀರೆಗಳನ್ನು ಒಣಹಾಕಿದ ಹಾಗೆ ತೂಗಿದವು. ಬೆಳಗಿನ ತಂಪಿಗೆ ಮೂಕಯ್ಯನಿಗೆ ಜೊಂಪು ಹತ್ತಿತು. ಜೊಂಪಿನಲ್ಲಿ ಘಟ್ಟದ ದಾರಿ. ಮಂಜಿನಲ್ಲಿ ಗಾಡಿಗಳು ಸಾಲಾಗಿ ಏರುತ್ತಿವೆ, ಒಂದರಲ್ಲೂ ಮನುಷ್ಯರಿಲ್ಲ, ಎತ್ತುಗಳೂ ಇಲ್ಲ. ಎಲ್ಲದರ ಎಡಗಾಲಿಯೂ ಒಂದೇ ಮಾತು ಹೇಳುತ್ತಿದೆ, ಕೊನೆಯ ಟೊಕ್ ಬರುವ ಮುಂಚೆ ಇಡೀ ಬೆಟ್ಟ ಉಸಿರು ಹಿಡಿದು ಕಾಯುತ್ತಿದೆ. ಎಚ್ಚರವಾದಾಗ ಕೈಗಳು ಗುಂಬವನ್ನು ತಬ್ಬಿಕೊಂಡಿದ್ದವು, ಕೆನ್ನೆಯ ಮೇಲೆ ಇನ್ನೊಂದು ದೃಷ್ಟಿಬೊಟ್ಟು ಮೂಡಿತ್ತು.

ಆಚಾರಿ ಒಂದೇ ದಿನದಲ್ಲಿ ಹಳೆಯ ಆರೆಕಾಲುಗಳನ್ನೇ ಗುಂಬಕ್ಕೆ ನೆಟ್ಟು, ಪಟ್ಟಿ ಕಾಯಿಸಿ ತೊಡಿಸಿ, ಗಾಲಿಯನ್ನು ಗಾಡಿಗೆ ಹಾಕಿ ತಳ್ಳಿ ತೋರಿಸಿದ. ಅದೇ ದನಿ. ಕೊಟ್ಟಿಗೆಯಲ್ಲಿ ಮಯಿಲ ಮೇವು ಬಿಟ್ಟು ಕತ್ತೆತ್ತಿತು. ಮೂಕಯ್ಯ ಓಚ್ಚಮ್ಮಾಳ ಮುಖ ನೋಡಿದ, ಓಚ್ಚಮ್ಮಾಳ್ ಮಯಿಲನ ಮುಖ ನೋಡಿದಳು. ಮೂರು ದಿನದ ಧೂಳು ತೊಳೆದುಕೊಂಡು ಬರುತ್ತೇನೆಂದು ಅವನು ಹೊಳೆಗೆ ಹೋದ. ಹೊಸ ನೀರು, ಬೇಸಿಗೆಯಲ್ಲೂ ಎದೆಯ ಮಟ್ಟ. ಕಿವಿ ಮುಳುಗಿಸಿ ಅಂಗಾತ ತೇಲಿದ. ಕೆಳಗೆ ಬೆಣಚುಕಲ್ಲುಗಳು ಒಂದಕ್ಕೊಂದು ಮೆಲ್ಲಗೆ ಬಡಿಯುತ್ತಿದ್ದವು. ಎದ್ದು ಬರಲು ಮನಸ್ಸಾಗಲಿಲ್ಲ.

ಹಿರಿಯರು ಬಡಗಲ ಕನ್ನಡ ನಾಡಿನಿಂದ ಬರುವಾಗ ಮೂಟೆಯಲ್ಲಿ ಕಟ್ಟಿ ತಂದರೋ, ಬಂದಮೇಲೆ ಇಲ್ಲಿ ಕಟ್ಟಿಕೊಂಡರೋ, ಅವರ ಕೇರಿಯಲ್ಲಿ ಒಂದು ಪದ್ಧತಿಯಿತ್ತು. ಮನೆಯವರ ಅನ್ನ ದುಡಿಯುವ ವಸ್ತು ಯಾವುದೇ ಬರಲಿ, ನೇಗಿಲೋ ನೊಗವೋ ಗಾಲಿಯೋ, ಅದನ್ನು ಸೊಸೆಯ ಹಾಗೆ ಮನೆ ತುಂಬಿಸಿಕೊಳ್ಳಬೇಕು. ಏಳು ಮನೆಯ ಮುತ್ತೈದೆಯರು ಒಬ್ಬೊಬ್ಬರು ಒಂದೊಂದು ಸೌಟು ಹರಳೆಣ್ಣೆ ತಂದು ಅದರ ತಲೆಗೆ ಹುಯ್ಯಬೇಕು. ಹುಯ್ದದ್ದನ್ನು ಒರೆಸುವಂತಿಲ್ಲ, ತಾನಾಗಿಯೇ ಇಳಿಯಬೇಕು. ಒರೆಸಿದರೆ ಏಳು ಮನೆಯ ಕೈಯನ್ನೂ ತಳ್ಳಿದ ಹಾಗೆ. ಮೂಕಯ್ಯ ಹೊಳೆಯಿಂದ ಬರುವಷ್ಟರಲ್ಲಿ ಏಳು ಸೌಟೂ ಗುಂಬದ ಬಾಯೊಳಗೆ ಇಳಿದಿತ್ತು. ಗಾಲಿಯ ವಿಷಯವಾದ್ದರಿಂದ ಬರೀ ಎಣ್ಣೆ ಸಾಲದೆಂದು, ಹಿರಿಯಳು ರಂಗಮ್ಮಾಳ್ ಹುಲ್ಲು ಸುಟ್ಟ ಕರಿ ಕಲಸಿ ಗಟ್ಟಿ ಕೀಲೆಣ್ಣೆ ಮಾಡಿ, ಬೆರಳಿಂದ ಒತ್ತಿ ಒತ್ತಿ ತುಂಬಿಸಿದ್ದಳು. ಗುಂಬಕ್ಕೆ ಅರಿಸಿನ, ಕುಂಕುಮ, ಒಂದು ಮೊಳ ಹೂ. ಓಚ್ಚಮ್ಮಾಳ್ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದಳು.

ಮೂಕಯ್ಯ ಗಾಲಿಯನ್ನು ಮುಂದಕ್ಕೆ ತಳ್ಳಿದ. ಬೆಣ್ಣೆಯಲ್ಲಿ ಬೆರಳು ಆಡಿದ ಹಾಗೆ ಉರುಳಿತು. ಹಿಂದಕ್ಕೆ ತಳ್ಳಿದ. ಅಷ್ಟೇ.

“ಅಯ್ಯೋ ಓಚ್ಚು,” ಎಂದ.

ಅವಳಿಗೆ ಆಗಲೇ ಅರ್ಥವಾಗಿಬಿಟ್ಟಿತು. ನಗು ಮುಖದ ಮೇಲೇ ಇದ್ದು ಒಳಗಿನಿಂದ ಖಾಲಿಯಾಯಿತು. “ನಾನೇ ಕರ್ದೆ,” ಎಂದಳು ಮೆಲ್ಲಗೆ. “ಏಳು ಮನೆಗೂ ನಾನೇ ಓಗಿ ಕರ್ದೆ.”

ಒರೆಸಿಬಿಡೋಣ ಎಂದು ಇಬ್ಬರ ಬಾಯಿಗೂ ಬಂತು, ಇಬ್ಬರೂ ನುಂಗಿಕೊಂಡರು. ರಂಗಮ್ಮಾಳ್ ಇನ್ನೂ ಜಗಲಿಯ ಮೇಲೆ ಕೂತು, ಕರಿಯಾದ ಬೆರಳನ್ನು ತೃಪ್ತಿಯಿಂದ ಕಂಬಕ್ಕೆ ಒರೆಸುತ್ತಿದ್ದಳು.

*

ಮರುದಿನ ಬೆಳಗ್ಗೆ ಕರುಪ್ಪಸಾಮಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಂದ. ಗಾಡಿಗೆ ನೆಲ್ಲು ಹೇರಿತ್ತು, ಎತ್ತುಗಳನ್ನು ಕಟ್ಟಿತ್ತು. ಕೇರಿಯವರು ಬಾಗಿಲುಗಳಲ್ಲಿ ನಿಂತಿದ್ದರು. ಮೂಕಯ್ಯ ಗಾಡಿಯ ಮೂಕಿಮರದ ಮೇಲೆ ಕೂತು “ಹೋ ಹೋ ಮಯಿಲಾ” ಎಂದ. ಬಲಗಡೆಯ ಎತ್ತು ಹೆಜ್ಜೆಯಿಟ್ಟಿತು, ಗಾಲಿ ಸದ್ದಿಲ್ಲದೆ ಅರ್ಧ ಸುತ್ತು ಉರುಳಿತು, ಮಯಿಲ ನಾಲ್ಕು ಕಾಲನ್ನೂ ನೆಲಕ್ಕೆ ಹೂತು ನಿಂತುಬಿಟ್ಟಿತು. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು. ಕಿವಿಗಳು ಹಿಂದಕ್ಕೆ ಮುಂದಕ್ಕೆ, ಏನನ್ನೋ ಕಳಕೊಂಡವರು ಮಡಿಲು ತಡಕುವ ಹಾಗೆ ತಡಕಾಡಿದವು.

“ಮಾವ,” ಎಂದ ಕರುಪ್ಪಸಾಮಿ. ದನಿಯಲ್ಲಿ ಗೆದ್ದದ್ದೇನೂ ಇರಲಿಲ್ಲ. “ಬುಡು. ಎತ್ತೂ ಎದ್ರ್‌ಕಂತದೆ. ನೊಗ ಬಿಚ್ಚು.”

ಮೂಕಯ್ಯ ಕೆಳಗಿಳಿದ. ನೊಗ ಬಿಚ್ಚಲು ಮುಂದಕ್ಕೆ ಹೋಗಲಿಲ್ಲ. ಸುತ್ತಿಕೊಂಡು ಎಡಗಾಲಿಯ ಪಕ್ಕಕ್ಕೆ ಬಂದು, ಗುಂಬದ ಮಟ್ಟಕ್ಕೆ ಬಗ್ಗಿ, ತುಟಿ ಒದ್ದೆ ಮಾಡಿಕೊಂಡ.

“ಟೊಕ್... ಕಿರ್ರೀ... ಟೊಕ್ಟೊಕ್.”

ಬಾಗಿಲುಗಳಲ್ಲಿ ಯಾರೋ ಕಿಸಕ್ಕೆಂದರು. ಮಯಿಲನ ಒಂದು ಕಿವಿ ಹಿಂದಕ್ಕೆ ತಿರುಗಿತು. ಕಾಲು ಎತ್ತಲಿಲ್ಲ. ಅದು ಬಲ್ಲ ದನಿಯೇ, ಆದರೆ ಎಲ್ಲೋ ಅಣಕ. ಮೂಕಯ್ಯನಿಗೆ ಜನ್ಮದಲ್ಲಿ ಮೊದಲ ಸಲ ತನ್ನ ಬಾಯಿಯ ಮೇಲೆ ನಾಚಿಕೆಯಾಯಿತು. ಕಣ್ಣು ಮುಚ್ಚಿದ. ಹುಣಸೆ ತೋಪು, ಗುಂಬದ ಮೇಲೆ ಇಟ್ಟ ಅಗಲವಾದ ಅಂಗೈ.

“ಟೊಕ್... ಕಿರ್ರೀ... ಟೊಕ್...”

ನಿಲ್ಲಿಸಿದ. ಬರಲಿಕ್ಕಿಲ್ಲ ಎಂದು ತನಗೇ ಅನ್ನಿಸುವ ತನಕ ತಡೆದ.

“ಟೊಕ್.”

ಮಯಿಲ ಬಲಗಾಲು ಎತ್ತಿ ಮುಂದಿಟ್ಟಿತು.

ಆಮೇಲೆ ಎಡಗಾಲು. ಗಾಡಿ ಅಲುಗಿತು, ನೇರವಾಯಿತು, ಕೇರಿಯ ನಡುವೆ ಹೊರಟಿತು. ಮೂಕಯ್ಯ ಗಾಲಿಯ ಪಕ್ಕದಲ್ಲೇ ಬಗ್ಗಿಕೊಂಡು, ಉರುಳಿಗೊಂದು ಸಲ ಟೊಕ್, ಕಿರ್ರೀ, ಟೊಕ್, ಕಾಯುವುದು, ಟೊಕ್ ಎನ್ನುತ್ತ ನಡೆದ. ಕಿಸಕ್ಕೆಂದವರು ಸುಮ್ಮನಾದರು. ಕರುಪ್ಪಸಾಮಿ ಹಗ್ಗದ ಸಮೇತ ಹಿಂದೆ ಹೊರಟ. ಓಚ್ಚಮ್ಮಾಳ್ ಒಳಗೆ ಓಡಿ ಚೊಂಬಿನಲ್ಲಿ ನೀರು ತುಂಬಿಕೊಂಡು ಅವನ ಹಿಂದೆ ಹೊರಟಳು.

ಊರು ಮುಗಿಯಿತು. ಗದ್ದೆಗಳು ಶುರುವಾದವು. ಎರಡನೆಯ ಬೆಳೆಗೆ ನೀರು ಕಟ್ಟಿತ್ತು, ಹೊಸ ಕಾಲುವೆಯ ಬದಿಯಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ಆಕಾಶ ಎರಡಾಗಿತ್ತು, ಮೇಲೊಂದು ಕೆಳಗೊಂದು. ನಡುವಿನ ದಾರಿಯಲ್ಲಿ ಗಾಡಿ ತೇಲಿಕೊಂಡು ಹೋಗುತ್ತಿತ್ತು. ಗುಂಬದ ಬಾಯಿಂದ ಕರಿಯ ಎಣ್ಣೆ ಬಿಸಿಲಿಗೆ ಕರಗಿ ಹೊರಗೆ ಒತ್ತಿಕೊಂಡು ಬಂದು, ಹನಿಹನಿಯಾಗಿ ಧೂಳಿನಲ್ಲಿ ಬೀಳುತ್ತಿತ್ತು. ಹಿಂದೆ ನೋಡಿದರೆ ದಾರಿಯುದ್ದಕ್ಕೂ ಕಪ್ಪು ಬೊಟ್ಟುಗಳ ಸಾಲು. ಮೂಕಯ್ಯ ಹಿಂದೆ ನೋಡಲಿಲ್ಲ. ಅವನ ಬೆನ್ನು ಸಿಡಿಯುತ್ತಿತ್ತು, ನಾಲಗೆ ಹುರಿದ ಹಪ್ಪಳದಂತಾಗಿತ್ತು, ಕಣ್ಣೆದುರು ಉರುಳುವ ಆರೆಕಾಲುಗಳು ಒಂದರೊಳಗೊಂದು ಕಲೆತು ಬರೀ ಬೂದುಬಣ್ಣದ ಗಾಳಿಯಾಗಿದ್ದವು. ಹೇಳುತ್ತಿರುವವನು ತಾನೋ ಗಾಲಿಯೋ ಎಂಬ ಎಣಿಕೆಯನ್ನು ಅವನು ಎಲ್ಲೋ ಒಂದು ಗದ್ದೆಯ ತೆವರಿಯ ಹತ್ತಿರ ಬಿಟ್ಟಿದ್ದ.

ಆಲದ ಕಟ್ಟೆ ಬಿಸಿಲ ಝಳದಲ್ಲಿ ದೂರಕ್ಕೆ ಕಾಣಿಸಿತು. ಓಚ್ಚಮ್ಮಾಳ್ ಓಡಿ ಬಂದು, ಗಾಡಿಯ ಜೊತೆಗೇ ಹೆಜ್ಜೆ ಹಾಕುತ್ತ, ಚೊಂಬನ್ನು ಅವನ ಬಾಯಿಗೆ ಎತ್ತಿ ಹುಯ್ದಳು. ಅವನು ಬಾಯಿ ತುಂಬ ನೀರು ಹಿಡಿದುಕೊಂಡ. ಮಯಿಲ ಅದೇ ನಡಿಗೆಯಲ್ಲಿ, ಕತ್ತು ಸ್ವಲ್ಪ ತಗ್ಗಿಸಿ, ಎಡಗಿವಿಯನ್ನು ಗಾಲಿಯ ಕಡೆ ಬಿಟ್ಟುಕೊಂಡು ಹೋಗುತ್ತಲೇ ಇತ್ತು.

“ಸಾಕು ಮಾವ!” ಎಂದು ಹಿಂದಿನಿಂದ ಕರುಪ್ಪಸಾಮಿ ಕೂಗಿದ. ಹಗ್ಗವನ್ನು ಅವನು ಆಗಲೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. “ಎಷ್ಟೊತ್ತು ಅಂಗೇ ಟೊಕ್ಕು ಟೊಕ್ಕು ಅಂತೀಯ? ಗಂಟ್ಲು ಅರ್ದೋಗ್ತದೆ, ಬಾಯ್ ಮುಚ್ಚು ಸಾಮಿ!”

ಓಚ್ಚಮ್ಮಾಳ್ ಗಂಡನ ಮುಖ ನೋಡಿದಳು. ಉಬ್ಬಿದ ಎರಡು ಕೆನ್ನೆ, ಬಿಗಿದ ತುಟಿ, ಗದ್ದದಿಂದ ಇಳಿಯುವ ಒಂದು ಹನಿ. ಮೂಕಯ್ಯ ನೀರನ್ನು ನುಂಗದೆ, ಕತ್ತು ಅಲುಗಿಸದೆ, ಟೊಕ್ ಎನ್ನುತ್ತಿದ್ದ ಗಾಲಿಯ ಪಕ್ಕ ನಡೆಯುತ್ತಿದ್ದ.